ಮನೆಯೊಳಗಿನ ರೈಲುದಾರಿ



ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳತಕ್ಕವನೊಬ್ಬನು ಆಟದ ರೈಲುಗಾಡಿಯ ವಿಷಯವಾಗಿ ಭಾಷಣಮಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಬರಲಿ, ನಮ್ಮ ಮನೆಯಲ್ಲಿಯೂ ಮೊದಲು ಎಲ್ಲರೂ ನಕ್ಕವರೇ. ಎಂಟು ವರ್ಷಗಳ ಕೆಳಗೆ, ಮನೆಯ ಹಿಂಭಾಗದ ಹತ್ತಡಿಗೆ ಹನ್ನೆರಡಡಿಯ ಕೋಣೆಯೊಂದರಿಂದ ಒಡೆದ ಕುರ್ಚಿಗಳನ್ನೂ ಹಳೆಯ ಪತ್ರಿಕೆಗಳ ಕಟ್ಟುಗಳನ್ನೂ ಹೊರಹಾಕಿ, ಅಲ್ಲಿ ನಾನೊಂದು ರೈಲುದಾರಿಯನ್ನು ಹಾಕಲು ಪ್ರಾರಂಭಿಸಿದೆನು. ಅದು ಇಂದಿಗೂ ಮುಗಿದಿಲ್ಲ. ಈ ವ್ಯಸನಕ್ಕೆ ಸಿಕ್ಕಿದವರಲ್ಲಿ ಯಾರದೂ ಮುಗಿದುದನ್ನು ನಾನು ಕೇಳಿಲ್ಲ. ಆದರೂ ನಾನು ಕಲಿತ ನಾಲ್ಕು ಸಂಗತಿಗಳು ಇಂಥದನ್ನು ಕಟ್ಟಬೇಕೆಂಬ ಆಸೆಯುಳ್ಳವರಿಗೆ ಉಪಯೋಗವಾಗಬಹುದು; ಆಸೆಯಿಲ್ಲದವರಿಗೆ ಹೊತ್ತು ಹೋಗಬಹುದು.

ಆಟದ ಗಾಡಿ ಬೇರೆ, ಮಾದರಿ ರೈಲುದಾರಿ ಬೇರೆ. ಕೀಲಿ ಕೊಟ್ಟು ನೆಲದ ಮೇಲೆ ಬಿಟ್ಟರೆ ಗೋಡೆಗೆ ಹಾಯ್ದು ಮಗುಚಿಕೊಳ್ಳುವುದು ಆಟದ ಗಾಡಿ. ಗಾಡಿಗಿಂತಲೂ ದಾರಿಯೇ ಮುಖ್ಯವೆಂದು ತಿಳಿದಾಗ ಎರಡನೆಯದು ಹುಟ್ಟಿತು. 1891ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ವಸಂತಕಾಲದ ಸಂತೆಯಲ್ಲಿ ಮಾರ್ಕ್ಲಿನ್ ಎಂಬ ಆಟಿಕೆಯ ವ್ಯಾಪಾರಸ್ಥರು ಹಳಿಗಳ ಅಗಲಕ್ಕೆ ಗೊತ್ತಾದ ಅಳತೆಗಳನ್ನಿಟ್ಟು ತಮ್ಮ ಗಾಡಿಗಳನ್ನು ಪ್ರದರ್ಶಿಸಿದರು. ಈ ವರ್ಷ ಕೊಂಡ ಹಳಿಗೆ ಮುಂದಿನ ವರ್ಷ ಕೊಂಡ ಹಳಿಯು ಕೂಡಿಕೊಳ್ಳುವಂತಾಯಿತು. ಮಗುವಿನ ದಾರಿ ಬೆಳೆಯತೊಡಗಿತು, ತಂದೆಯ ಚೀಲ ಕರಗತೊಡಗಿತು. ಇಂಗ್ಲೆಂಡಿನಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು, ಮೆಕಾನೊ ಎಂದು ಪ್ರಸಿದ್ಧವಾದ ತೂತುಪಟ್ಟಿಗಳ ಆಟಕ್ಕೆ 1901ರಲ್ಲಿ ಹಕ್ಕುಪತ್ರ ಪಡೆದವನು, 1920ರಲ್ಲಿ ಕೀಲಿಗಾಡಿಗಳನ್ನು ಮಾರಲಾರಂಭಿಸಿದನು. ಆ ಗಾಡಿಗಳ ಹಳಿಯ ಅಗಲ 32 ಮಿಲಿಮೀಟರು. ಅದಕ್ಕೆ ‘ಓ’ ಎಂದು ಹೆಸರು. ದೊಡ್ಡ ಮನೆಯವರಿಗೆ ಅದು ಸರಿ. ಮನೆಗಳು ಚಿಕ್ಕವಾದಂತೆ ಗಾಡಿಗಳೂ ಚಿಕ್ಕವಾಗಬೇಕಾಯಿತು. 1938ರಲ್ಲಿ ಹಾರ್ನ್‌ಬಿಯ ಕಾರ್ಖಾನೆಯವರು ಸುಮಾರು ಅರ್ಧ ಅಳತೆಯ, 16.5 ಮಿಲಿಮೀಟರಿನ ಹಳಿಯ ಗಾಡಿಗಳನ್ನು ಹೊರಡಿಸಿದರು.

ಇಲ್ಲಿ ಇಂಗ್ಲಿಷರ ಒಂದು ವಿನೋದವನ್ನು ಹೇಳಿಬಿಡುತ್ತೇನೆ. 16.5 ಮಿಲಿಮೀಟರು ಹಳಿಗೆ ಒಪ್ಪುವ ಪ್ರಮಾಣವೆಂದರೆ ಎಂಬತ್ತೇಳಕ್ಕೆ ಒಂದು. ಆದರೆ ಇಂಗ್ಲೆಂಡಿನ ನಿಜವಾದ ಎಂಜಿನ್ನುಗಳು ಯೂರೋಪಿನ ಎಂಜಿನ್ನುಗಳಿಗಿಂತ ಮೈಯಲ್ಲಿ ಸಣ್ಣವು. ಅವನ್ನು ಈ ಪ್ರಮಾಣದಲ್ಲಿ ಮಾಡಿದರೆ ಅಂದಿನ ಮೋಟಾರು ಒಳಗೆ ಹಿಡಿಸಲೊಲ್ಲದು. ಆದುದರಿಂದ ಹಳಿಯನ್ನು ಇದ್ದಂತೆಯೇ ಬಿಟ್ಟು, ಎಂಜಿನ್ನಿನ ಮೈಯನ್ನು ಮಾತ್ರ ಎಪ್ಪತ್ತಾರಕ್ಕೆ ಒಂದರಂತೆ ದೊಡ್ಡದುಮಾಡಿದರು. ಪರಿಣಾಮವೇನೆಂದರೆ, ನಾಲ್ಕಡಿ ಎಂಟೂವರೆ ಅಂಗುಲವಿರಬೇಕಾದ ದಾರಿಯು ಇಂಗ್ಲಿಷ್ ಮಾದರಿಗಳಲ್ಲಿ ನಾಲ್ಕಡಿ ಒಂದೂವರೆ ಅಂಗುಲದ್ದಾಗಿ ನಿಂತುಹೋಯಿತು. ದಪ್ಪನಾದ ಯಜಮಾನರು ಮಗನ ಪಾದರಕ್ಷೆ ಮೆಟ್ಟಿ ನಡೆದಂತೆ ಆ ಗಾಡಿಗಳು ಇಂದಿಗೂ ನಡೆಯುತ್ತಿವೆ. ಒಮ್ಮೆ ರೂಢಿಯಾದ ತಪ್ಪನ್ನು ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಕಾಗುಣಿತದ ಪಾಠ ಹೇಳುವವರು ಬಲ್ಲರು.

ನಮ್ಮ ದೇಶದವನು ನಮ್ಮ ದಾರಿಯನ್ನೇ ಮಾಡಬೇಕೆಂದರೆ ಇನ್ನೊಂದು ತೊಡಕುಂಟು. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರು. ಎಂಬತ್ತೇಳರಿಂದ ಭಾಗಿಸಿದರೆ 19ಕ್ಕಿಂತ ತುಸು ಹೆಚ್ಚು. ಆ ಅಗಲದ ಹಳಿ ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ದಾರಿಗಳು ಹಿಂದೆ ಬಹುಮಟ್ಟಿಗೆ ಮೀಟರ್ ಗೇಜಿನವಾಗಿದ್ದುವು. ಮೀಟರನ್ನು ಎಂಬತ್ತೇಳರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರು. ಹನ್ನೆರಡರ ಹಳಿ ಧಾರಾಳವಾಗಿ ದೊರೆಯುತ್ತದೆ. ಯಾರ ಪುಣ್ಯದಿಂದ ಎನ್ನುವಿರೋ? ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯವರ ಪುಣ್ಯದಿಂದ. ಹಿಮದ ಬೆಟ್ಟಗಳನ್ನೇರುವ ಅವರ ಗಾಡಿಗಳೂ ಮೀಟರ್ ಗೇಜಿನವೇ. ಅವುಗಳ ಮಾದರಿಗಳನ್ನು ಜರ್ಮನಿಯಲ್ಲಿ ಚೆನ್ನಾಗಿ ಮಾಡುತ್ತಾರೆ. ಹೀಗಾಗಿ ನನ್ನ ಎಂಜಿನ್ನಿನ ಮೋಟಾರೂ ಕೆಳಭಾಗವೂ ಸ್ವಿಟ್ಜರ್ಲೆಂಡಿನ ಗಾಡಿಯವು. ಅವುಗಳ ಮೇಲೆ ನಮ್ಮ ವೈ.ಪಿ. ಎಂಜಿನ್ನಿನ ದೇಹವನ್ನು ಹಿತ್ತಾಳೆಯ ತಗಡಿನಿಂದ ಮಾಡಿ ಕೂರಿಸಿದ್ದೇನೆ. ಬಲ್ಲವರು ಬಗ್ಗಿ ಚಕ್ರಗಳನ್ನೆಣಿಸಿದರೆ ಸಿಕ್ಕಿಬೀಳುತ್ತೇನೆ, ಬಗ್ಗುವವರು ಕಡಮೆ.

ಯಾವ ದಾರಿಯನ್ನು ಮಾಡುವುದು? ಮೊದಲಿಗೆ ನನ್ನ ಆಸೆ ನಂಜನಗೂಡಿನ ಮೇಲಿತ್ತು. ಅಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆಯುಂಟು. ರೈಲೆಂಬುದೇ ಹುಟ್ಟದಿದ್ದಾಗ ಕಟ್ಟಿದ ಆ ಸೇತುವೆಯ ಮೇಲೆ ಗಾಡಿರಸ್ತೆಯೂ ಮೀಟರ್ ಗೇಜಿನ ಹಳಿಯೂ ಜೊತೆಜೊತೆಯಾಗಿ ಬಹುಕಾಲ ಹೋಗುತ್ತಿದ್ದುವು. ಲೆಕ್ಕ ಹಾಕಿ ನೋಡಿದೆ. ಸೇತುವೆಯೊಂದೇ ನನ್ನ ಕೋಣೆಯ ಒಂದು ಗೋಡೆಯನ್ನು ನುಂಗುತ್ತಿತ್ತು. ಊರು, ದೇವಸ್ಥಾನ, ಹೊಳೆಯ ಮೆಟ್ಟಿಲು, ಎಲ್ಲವೂ ಕಿಟಕಿಯ ಹೊರಗೆ. ನಿಜವಾದ ಒಂದು ಕಿಲೋಮೀಟರು ಈ ಪ್ರಮಾಣದಲ್ಲಿ ಹನ್ನೊಂದೂವರೆ ಮೀಟರು. ಬೆಂಗಳೂರಿನಿಂದ ಮೈಸೂರಿಗೆ ದಾರಿ ಹಾಕಲು ಒಂದೂವರೆ ಕಿಲೋಮೀಟರಿಗಿಂತ ಉದ್ದವಾದ ಮನೆ ಬೇಕು. ಆದುದರಿಂದ ಈ ವಿದ್ಯೆಯೆಲ್ಲ ಬಿಡುವುದರಲ್ಲಿದೆ. ಏನನ್ನು ಹಾಕಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ನಿಶ್ಚಯಿಸಲು ನನಗೆ ಹೆಚ್ಚು ತಿಂಗಳುಗಳು ಹಿಡಿದುವು.

ಕೊನೆಗೆ ನಾನು ಹಿಡಿದುದು ಮೈಸೂರು-ಅರಸೀಕೆರೆ ದಾರಿಯ ಒಂದು ಸಣ್ಣ ನಿಲ್ದಾಣವನ್ನು. ನಮ್ಮ ತಂದೆಯವರು ಅಲ್ಲಿ ಸ್ಟೇಷನ್ ಮಾಸ್ಟರಾಗಿದ್ದರು. ನಾನು ಅಲ್ಲಿ ಏಳೆಂಟು ವರ್ಷದ ಹುಡುಗನಾಗಿದ್ದೆ. 1990ರ ದಶಕದಲ್ಲಿ ಆ ದಾರಿ ಬ್ರಾಡ್ ಗೇಜಾಯಿತು. ಅಳತೆ ತೆಗೆದುಕೊಳ್ಳಲೆಂದು ಟೇಪು ಹಿಡಿದು ಹೋದವನಿಗೆ ಅಲ್ಲಿ ಹೊಸ ಕಟ್ಟಡ, ಎತ್ತರಿಸಿದ ಪ್ಲಾಟ್‌ಫಾರಂ, ಹೊಸ ದೀಪಗಳು ಕಂಡುವು. ಹಳೆಯದೆಂದರೆ ಗೂಡ್ಸ್ ಷೆಡ್ಡಿನ ತಳಪಾಯದ ಆರು ಕಲ್ಲುಗಳು ಮಾತ್ರ. ಅವನ್ನೇ ಅಳೆದುಕೊಂಡು ಬಂದೆ.

ನನಗಿಂತ ಮುಂಚೆ ಇಂಥ ಸಂಕಟಕ್ಕೆ ಸಿಕ್ಕಿದವರೊಬ್ಬರುಂಟು. ಆಸ್ಟ್ರೇಲಿಯದವನಾದ ರಾಯ್ ಇಂಗ್ಲೆಂಡ್ ಎಂಬ ಯುವಕನು 1925ರಲ್ಲಿ ಇಂಗ್ಲೆಂಡಿಗೆ ಬಂದನು. ಹೆಸರೂ ಅದೇ, ದೇಶವೂ ಅದೇ. ಶ್ವೇತಾಶ್ವದ ಕಣಿವೆಯೆಂದು ಕರೆಯುವ ಸೀಮೆಯಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳು ಒಂದೊಂದಾಗಿ ಕೆಡುತ್ತಿರುವುದನ್ನು ಅವನು ಕಂಡನು. ಅವನ್ನು ಉಳಿಸುವ ಹಣ ಅವನಲ್ಲಿರಲಿಲ್ಲ. ರಟ್ಟನ್ನು ಕತ್ತರಿಸಿ, ಕಲ್ಲುಕಲ್ಲಿಗೂ ಬಣ್ಣ ಕೊಟ್ಟು, ಅಡಿಗೆ ನಾಲ್ಕು ಮಿಲಿಮೀಟರಿನಂತೆ ಅವುಗಳ ಮಾದರಿಗಳನ್ನು ಮಾಡತೊಡಗಿದನು. ಒಂದು ಮನೆಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಅವನು ಪ್ರಾರಂಭಿಸಿದ ಪೆಂಡನ್ ವಸ್ತುಸಂಗ್ರಹಶಾಲೆಯು ಬೆಳೆದು ನಿಂತಿದೆ. ಜಾನ್ ಆಹರ್ನ್ ಎಂಬಾತನು 1930ರ ದಶಕದಲ್ಲಿ ಕಟ್ಟಲಾರಂಭಿಸಿದ ಮ್ಯಾಡರ್ ಕಣಿವೆಯ ದಾರಿಯೂ ಈಗ ಅಲ್ಲಿಯೇ ಇದೆ. ಆಹರ್ನನ ಊರುಗಳು ಕೇವಲ ಕಲ್ಪಿತವಾದುವು. ರಾಯ್ ಇಂಗ್ಲೆಂಡನ ಮನೆಗಳು ಇದ್ದುದು ಇದ್ದಂತೆ. ಇಬ್ಬರೂ ಗಾಡಿಯ ಸುತ್ತ ಒಂದು ನಾಡನ್ನಿಟ್ಟರು. ನಾನು ರಾಯ್ ಇಂಗ್ಲೆಂಡನ ಪಕ್ಷದವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆ ಹೆಮ್ಮೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ಈಗ ಕಟ್ಟುವ ಕ್ರಮ. ಮೊದಲು ಹಲಗೆ. ಬಡಗಿಯಿಂದ ರೀಪಿನ ಚೌಕಟ್ಟು ಮಾಡಿಸಿ, ಅಡ್ಡಪಟ್ಟಿ ಕೊಟ್ಟು, ಮೇಲೆ ಪ್ಲೈವುಡ್ಡು ಹೊಡೆಯಬೇಕು. ಊಟದ ಮೇಜಿನ ಎತ್ತರ ಸಾಲದು. ನಿಂತವನ ಎದೆಯ ಮಟ್ಟಕ್ಕೆ ಬಂದರೆ ಗಾಡಿಯನ್ನು ಹದ್ದಿನಂತೆ ಮೇಲಿನಿಂದ ನೋಡದೆ ಊರಿನವನಂತೆ ಪಕ್ಕದಿಂದ ನೋಡಬಹುದು. ಅಗಲವು ಎರಡೂವರೆ ಅಡಿಯನ್ನು ಮೀರಬಾರದು. ಮೀರಿದರೆ ಅತ್ತ ಕಡೆ ಮಗುಚಿದ ಗಾಡಿಯನ್ನೆತ್ತಲು ಇತ್ತ ಕಡೆಯ ಮನೆಗಳ ಮೇಲೆ ಮೊಳಕೈ ಊರಬೇಕಾಗುತ್ತದೆ. ಹಳಿಯ ಕೆಳಗೆ ಬೆಂಡಿನ ಪಟ್ಟಿ ಹಾಸಿದರೆ ಸದ್ದು ತಗ್ಗುತ್ತದೆ. ಏರುದಾರಿಯ ಆಸೆ ಎಲ್ಲರಿಗೂ ಇರುತ್ತದೆ. ಆದರೆ ನಲವತ್ತಕ್ಕೆ ಒಂದರಂತೆ ಏರಿದರೆ ಐದು ಸೆಂಟಿಮೀಟರು ಮೇಲೇಳಲು ಎರಡು ಮೀಟರು ದಾರಿ ಬೇಕು. ನಾನು ಬಯಲುಸೀಮೆಯನ್ನು ಆರಿಸಿಕೊಂಡುದು ಒಳ್ಳೆಯದಾಯಿತು.

ನನ್ನ ಮೊದಲನೆಯ ಅಪಜಯವನ್ನೂ ಹೇಳಬೇಕು. ಬೇಸಗೆಯಲ್ಲಿ ಹಳಿಗಳನ್ನು ತುದಿಗೆ ತುದಿ ಮುಟ್ಟಿಸಿ, ಎಳ್ಳಷ್ಟೂ ಸಂದಿಲ್ಲದಂತೆ ಜೋಡಿಸಿ, ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ. ಮಳೆಗಾಲ ಬಂತು. ಮರ ತೇವ ಕುಡಿದು ಉಬ್ಬಿ, ಮತ್ತೆ ಒಣಗಿ ಕುಗ್ಗಿತು. ಹಲಗೆ ಕುಗ್ಗಿದರೂ ಹಳಿ ಕುಗ್ಗಬೇಕಲ್ಲ! ದೀಪಾವಳಿಯ ಹೊತ್ತಿಗೆ ದಾರಿಯು ಹಾವಿನಂತೆ ಸೊಟ್ಟಗಾಗಿತ್ತು. ಎಲ್ಲವನ್ನೂ ಕಿತ್ತು, ಹಲಗೆಯ ಎರಡು ಮೈಗಳಿಗೂ ಬಣ್ಣ ಬಳಿದು, ಹಳಿಗಳ ನಡುವೆ ಅಂಚೆಕಾರ್ಡಿನ ದಪ್ಪದಷ್ಟು ಸಂದು ಬಿಟ್ಟು ಪುನಃ ಹಾಕಿದೆ. ನಿಜವಾದ ದಾರಿಯಲ್ಲಿಯೂ ಸಂದು ಬಿಡುತ್ತಿದ್ದರು. ಅದನ್ನು ಪುಸ್ತಕದಲ್ಲಿ ಓದಿದ್ದೆ. ಓದಿದುದು ಕೈಗೆ ಇಳಿದಿರಲಿಲ್ಲ.

ವಿದ್ಯುತ್ತಿನ ಕೆಲಸ ಹೆದರುವಷ್ಟು ಕಷ್ಟದ್ದಲ್ಲ. ಹನ್ನೆರಡು ವೋಲ್ಟಿನ ಏಕಮುಖ ಪ್ರವಾಹವು ಒಂದು ಹಳಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋಗಿ ಇನ್ನೊಂದು ಹಳಿಯಿಂದ ಹಿಂದಕ್ಕೆ ಬರುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದುಮುಂದಾಗಿ ಓಡುತ್ತದೆ. ದಾರಿಯೇ ಬಳಸಿ ಬಂದು ತನ್ನನ್ನು ತಾನು ಕೂಡಿಕೊಂಡರೆ ಎಡದ ಹಳಿ ಬಲದ ಹಳಿಯನ್ನು ಮುಟ್ಟುತ್ತದೆ, ಒಡನೆಯೇ ಶಾರ್ಟಾಗುತ್ತದೆ. ಅಲ್ಲಿ ಹಳಿಯನ್ನು ತುಂಡರಿಸಿ ಬೇರೆ ಸ್ವಿಚ್ಚು ಇಡಬೇಕು. 1990ರ ದಶಕದಿಂದೀಚೆಗೆ ಹಳಿಯ ಮೂಲಕವೇ ಒಂದೊಂದು ಎಂಜಿನ್ನಿಗೂ ಬೇರೆಬೇರೆ ಅಪ್ಪಣೆ ಕಳುಹಿಸುವ ಅಂಕೀಯ ಕ್ರಮ ರೂಢಿಗೆ ಬಂದಿದೆ. ಒಂದೇ ಎಂಜಿನ್ನಿರುವ ನನಗೆ ಅದು ಬೇಕಾಗಲಿಲ್ಲ.

ಮಣ್ಣಿನ ವಿಷಯದಲ್ಲಿ ಮಾತ್ರ ನಾನು ಜಿಪುಣತನ ಮಾಡಲಿಲ್ಲ. ಆ ಊರಿನ ಕೆಂಪು ಮಣ್ಣನ್ನೇ ಎರಡು ಡಬ್ಬಿ ತಂದು, ಅಡಿಗೆಮನೆಯ ಜರಡಿಯಲ್ಲಿ ಜರಡಿಹಿಡಿದೆ. ಅದಕ್ಕಾಗಿ ನನ್ನ ಹೆಂಡತಿಯಿಂದ ಕೇಳಬೇಕಾದುದನ್ನು ಕೇಳಿದೆ. ಮಣ್ಣನ್ನು ಹರವುವ ಮುಂಚೆ ಅದರೊಳಗೆ ಸೂಜಿಗಲ್ಲನ್ನು ಆಡಿಸಬೇಕು. ನಮ್ಮ ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಮೋಟಾರಿನ ಅಯಸ್ಕಾಂತಕ್ಕೆ ಹತ್ತಿಕೊಂಡರೆ ಎಂಜಿನ್ನು ಕೆಡುತ್ತದೆ. ಬಿಳಿಯ ಅಂಟಿಗೆ ಒಂದಕ್ಕೆರಡು ನೀರು ಬೆರಸಿ, ಪಾತ್ರೆ ತೊಳೆಯುವ ಸಾಬೂನಿನ ನೀರನ್ನು ಎರಡು ತೊಟ್ಟು ಹಾಕಿದರೆ ಅದು ಮಣ್ಣಿನೊಳಕ್ಕೆ ಸರಾಗವಾಗಿ ಇಂಗುತ್ತದೆ. ಇಲ್ಲವಾದರೆ ಮುತ್ತಿನಂತೆ ಮೇಲೆಯೇ ನಿಲ್ಲುತ್ತದೆ. ಅಂಟು ತಾಗಿದ ಮಣ್ಣು ಒಣಗಿದ ಮೇಲೂ ಬಣ್ಣದಲ್ಲಿ ಒಂದು ಮಟ್ಟ ಕಪ್ಪಾಗಿಯೇ ಇರುತ್ತದೆ. ಊರಿನ ಮಣ್ಣೇ ಊರಿನ ಮಣ್ಣಿನಂತೆ ಕಾಣಲಿಲ್ಲವೆಂದು ಅದಕ್ಕೆ ಸುಣ್ಣ ಬೆರಸಿ ತಿಳಿಮಾಡಿದೆ.

ಉದ್ದವನ್ನು ಕದಿಯಬಹುದು, ಎತ್ತರವನ್ನು ಕದಿಯಬಾರದು. ಎಂಟು ಡಬ್ಬಿಯ ಗಾಡಿ ನನ್ನಲ್ಲಿ ಮೂರು ಡಬ್ಬಿಯದು, ನೋಡುವವರು ಎಣಿಸುವುದಿಲ್ಲ. ಬಾಗಿಲನ್ನು ಕೂದಲೆಳೆಯಷ್ಟು ತಗ್ಗಿಸಿದರೂ ಪಕ್ಕದಲ್ಲಿ ನಿಂತ ಮನುಷ್ಯನು ಚಾಡಿ ಹೇಳಿಬಿಡುತ್ತಾನೆ. ನಿಲ್ದಾಣದ ಎರಡು ಕಡೆಗಳಲ್ಲಿಯೂ ದಾರಿಯು ಒಂದು ಪರದೆಯ ಹಿಂದಕ್ಕೆ ಹೋಗುತ್ತದೆ. ನಾಟಕದ ನೇಪಥ್ಯದಂತೆ ಅಲ್ಲಿ ಮೂರು ಹಳಿಗಳುಂಟು. ಎಡಕ್ಕೆ ಹೋದರೆ ಅದು ಮೈಸೂರು, ಬಲಕ್ಕೆ ಹೋದರೆ ಅದೇ ಅರಸೀಕೆರೆ.

ಇಷ್ಟಾಗುವ ತನಕ ನಮ್ಮ ತಂದೆಯವರು ಆ ಕೋಣೆಯೊಳಕ್ಕೆ ಕಾಲಿಟ್ಟಿರಲಿಲ್ಲ. ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಮಾತು ತೀರ ಕಡಮೆಯಾಗಿತ್ತು. ಒಂದು ಸಂಜೆ ನಾನು ಗಾಡಿಯನ್ನು ಓಡಿಸುತ್ತಿರುವಾಗ ಬಾಗಿಲಿನಿಂದ ಧ್ವನಿ ಕೇಳಿಸಿತು: “ಅಲ್ಲಯ್ಯಾ, ಕೈ ಇಳಿದೇ ಇಲ್ಲ. ಗಾಡಿ ಒಳಕ್ಕೆ ಹ್ಯಾಗೆ ಬಂತು?”

ಕೈಮರದ ಕೈ ಅಡ್ಡಲಾಗಿದ್ದರೆ ನಿಲ್ಲು, ಕೆಳಕ್ಕೆ ಬಾಗಿದರೆ ಬಾ ಎಂದರ್ಥ. ನನ್ನ ಕೈಮರವನ್ನು ನಾನು ಶೋಭೆಗಾಗಿ ನೆಟ್ಟಿದ್ದೆ. ಅದನ್ನು ಅಲುಗಾಡುವಂತೆ ಮಾಡಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅವರು ಕುರ್ಚಿ ಹಾಕಿಸಿಕೊಂಡರು. ಎರಡನೆಯ ಆಕ್ಷೇಪ: “ನಿನ್ನ ಸ್ಟೇಷನ್ನಿಗೆ ಪುರುಸೊತ್ತೇ ಇಲ್ಲವಲ್ಲ!” ನಾನು ಗಾಡಿಯನ್ನು ಒಂದೇ ಸಮನೆ ಸುತ್ತಿಸುತ್ತಿದ್ದೆ. ಅಂಥ ನಿಲ್ದಾಣದಲ್ಲಿ ಒಂದು ಗಾಡಿ ಹೋದರೆ ಮತ್ತೊಂದು ಬರುವುದು ಎರಡು ಮೂರು ಗಂಟೆಯ ಮೇಲೆ. ಈ ಹವ್ಯಾಸದವರಲ್ಲಿ ಕೆಲವರು ಹತ್ತು ನಿಮಿಷಕ್ಕೆ ಒಂದು ಗಂಟೆ ತೋರಿಸುವ ಗಡಿಯಾರವನ್ನಿಟ್ಟುಕೊಂಡು ವೇಳಾಪಟ್ಟಿಯಂತೆ ಗಾಡಿ ನಡೆಸುತ್ತಾರೆಂದು ಹೇಳಿದೆ. ಅವರು ಗೋಡೆಯ ಗಡಿಯಾರವನ್ನು ತೋರಿಸಿ, “ಇದಕ್ಕೇನಾಗಿದೆ?” ಎಂದರು.

ಮೂರನೆಯದು ಟೋಕನ್ನು. ಒಂಟಿದಾರಿಯಲ್ಲಿ ಎದುರುಬದುರು ಗಾಡಿಗಳು ಬಾರದಂತೆ ಎರಡು ನಿಲ್ದಾಣಗಳಲ್ಲಿ ಜೋಡಿಯಂತ್ರಗಳಿರುತ್ತಿದ್ದುವು. ಆ ಕಡೆಯವರು ಒಪ್ಪಿಗೆ ಕೊಟ್ಟ ಹೊರತು ಈ ಕಡೆಯ ಯಂತ್ರದಿಂದ ಕಬ್ಬಿಣದ ಗುಂಡು ಹೊರಬಾರದು. ಒಂದು ಗುಂಡು ಹೊರಗಿರುವ ತನಕ ಎರಡು ಯಂತ್ರಗಳಲ್ಲಿ ಯಾವುದರಿಂದಲೂ ಇನ್ನೊಂದು ಬರುವಂತಿಲ್ಲ. ಆ ಗುಂಡನ್ನು ಬೆತ್ತದ ಬಳೆಯ ಚೀಲದಲ್ಲಿಟ್ಟು ಡ್ರೈವರನಿಗೆ ಕೊಟ್ಟರೆ ಮಾತ್ರ ಗಾಡಿ ಹೊರಡಬಹುದು. ನಮ್ಮ ತಂದೆಯವರು ನನ್ನ ಮಗಳನ್ನು ಕರೆದು ಒಂದು ಗೋಲಿಯನ್ನು ಕೇಳಿದರು. ಅವಳು ನಡುಮನೆಯಲ್ಲಿ ಕುಳಿತು ಮುಂದಿನ ಸ್ಟೇಷನ್ನಾದಳು. “ದಾರಿ ಖಾಲಿಯಾ?” ಎಂದು ತಾತನು ಕೂಗಬೇಕು, “ಖಾಲಿ, ತಾತ” ಎಂದು ಅವಳು ಗೋಲಿ ತಂದು ಕೊಡಬೇಕು. ಅವಳು ಪಾಠದ ನಡುವೆ ಮರೆತರೆ ನನ್ನ ಗಾಡಿ ಅರ್ಧ ಗಂಟೆ ನಿಂತಿರುವುದೂ ಉಂಟು.

ಇನ್ನು ಆ ಹೆಮ್ಮೆಯ ಮಾತು. ಅರಸೀಕೆರೆಯ ಕಡೆಯ ತುದಿಯಲ್ಲಿ, ನೀರಿನ ಕಂಬದ ಪಕ್ಕಕ್ಕೆ, ಒಂದು ದೊಡ್ಡ ಬೇವಿನ ಮರವಿತ್ತೆಂದು ನಮ್ಮ ತಂದೆಯವರು ಹೇಳಿದರು. ಗ್ಯಾಂಗಿನವರು ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರಂತೆ. ನನಗೆ ಆ ಜಾಗ ಬರೀ ಬಿಸಿಲಿನದಾಗಿ ನೆನಪಿತ್ತು. ಅವರ ಮಾತಿಗೆ ಎದುರಾಡದೆ, ತಂತಿಗಳನ್ನು ಹೊಸೆದು ಕೊಂಬೆ ಮಾಡಿ, ತೆಂಗಿನ ನಾರನ್ನು ಬಿಡಿಸಿ ಬಣ್ಣದ ಮರದ ಹೊಟ್ಟನ್ನು ಅಂಟಿಸಿ, ಒಂದು ಗೇಣಿನ ಮರವನ್ನು ಮಾಡಿದೆ. ಮೂರು ವಾರದ ಕೆಲಸ; ನಾನು ಮಾಡಿದ ಮರಗಳಲ್ಲಿ ಅದೇ ಮೇಲು. ಅದನ್ನು ನೆಡಬೇಕೆನ್ನುವಷ್ಟರಲ್ಲಿ ನನ್ನ ತಂಗಿ ತನ್ನ ಪೆಟ್ಟಿಗೆಯಲ್ಲಿದ್ದ ಒಂದು ಫೋಟೋವನ್ನು ಕಳುಹಿಸಿದಳು. ಹಿಂದೆ 1986 ಎಂದು ನಮ್ಮ ತಾಯಿಯ ಅಕ್ಷರ. ಪ್ಲಾಟ್‌ಫಾರಂ ಮೇಲೆ ನಾವೆಲ್ಲ ನಿಂತಿದ್ದೇವೆ. ಹಿಂದೆ ನೀರಿನ ಕಂಬ. ಅದರ ಪಕ್ಕಕ್ಕೆ ಮರವಿಲ್ಲ. ಮುಳ್ಳಿನ ಬೇಲಿಯೊಳಗೆ ಮೊಳಕಾಲುದ್ದದ ಒಂದು ಗಿಡವಿದೆ.

ನಾನು ಫೋಟೋವನ್ನು ಎರಡು ದಿನ ಅವರಿಗೆ ತೋರಿಸಲಿಲ್ಲ. ರಾಯ್ ಇಂಗ್ಲೆಂಡನಾಗಿದ್ದರೆ ಏನು ಮಾಡುತ್ತಿದ್ದನೆಂದು ಯೋಚಿಸಿದೆ. ಅವನಿಗೆ ನಮ್ಮ ತಂದೆಯವರಿರಲಿಲ್ಲವೆಂದು ಸಮಾಧಾನ ಹೇಳಿಕೊಂಡೆ. ಮೂರನೆಯ ದಿನ ಅವರೇ ಮೇಜಿನ ಮೇಲೆ ಅದನ್ನು ಕಂಡರು. ಕನ್ನಡಕವನ್ನು ಒರೆಸಿ, ಕಿಟಕಿಯ ಬಳಿಗೆ ಹೋಗಿ, ಬಹಳ ಹೊತ್ತು ನೋಡಿದರು. ಆ ಗಿಡವನ್ನು ನೆಟ್ಟವರು ಅವರು, ನೀರು ಹೊಯ್ಯುತ್ತಿದ್ದವರು ನಮ್ಮ ತಾಯಿ. ಮರುವರ್ಷವೇ ಅವರಿಗೆ ವರ್ಗವಾಯಿತು. ಅದು ಮರವಾದುದನ್ನು ಅವರು ಕಣ್ಣಿನಿಂದ ಕಂಡೇ ಇರಲಿಲ್ಲ.

“ದೊಡ್ಡದು ಬೇಡ, ತೆಗೆದಿಡು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಬೇಲಿ ಮಾತ್ರ ಭದ್ರವಾಗಿ ಹಾಕು. ಆ ಕಡೆಯಿಂದ ಆಡು ಬರುತ್ತೆ” ಎಂದರು.

ಗಿಡದ ಎತ್ತರ ಎಂಬತ್ತೇಳಕ್ಕೆ ಒಂದರಂತೆ ಆರು ಮಿಲಿಮೀಟರು. ಬೇಲಿಗೆ ಹಳೆಯ ಬ್ರಷ್ಷಿನ ಎಳೆಗಳನ್ನು ಕತ್ತರಿಸಿ ಹಾಕಿದ್ದೇನೆ. ಒಂದು ಆಡನ್ನೂ ಮಾಡಿದ್ದೇನೆ. ಅದನ್ನು ನಮ್ಮ ತಂದೆಯವರು ದಾರಿಯ ಆಚೆಯ ಕಡೆಗೆ ಇರಿಸಿದ್ದಾರೆ. ನೀವು ಎಂದಾದರೂ ನಮ್ಮ ಮನೆಯ ಕಡೆಗೆ ಬಂದರೆ ನೋಡಬಹುದು. ಸಂಜೆ ಆರೂವರೆಗೆ ಮೈಸೂರಿನ ಗಾಡಿ ಬರುತ್ತದೆ, ಗೋಲಿ ಸಿಕ್ಕಿದರೆ.